ಅಸ್ತಿಭಾರದ ಕೆಳಗಿನ ಮಣ್ಣು: ಅದರ ಜಾರುನಿರೋಧ ಶಕ್ತಿಯ ಪರೀಕ್ಷೆ

ಕಟ್ಟಡವೊಂದು ಪೂರ್ಣಗೊಂಡಾಗ ನೋಡುವವರ ಕಣ್ಣಿಗೆ ಬೀಳುವುದು ಅದರ ಗೋಡೆ, ಕಂಬ, ಮಾಳಿಗೆಗಳು. ಅವೆಲ್ಲದರ ಭಾರವನ್ನು ಕಟ್ಟಕಡೆಗೆ ಹೊರುವುದು ಯಾರ ಕಣ್ಣಿಗೂ ಬೀಳದ ಮಣ್ಣು. ವಿದ್ಯಾಸಂಸ್ಥೆಗಳಲ್ಲಿ ದಾನಿಗಳ ಹೆಸರನ್ನು ಶಿಲೆಯಲ್ಲಿ ಕೆತ್ತಿಸುವ ಸತ್ಸಂಪ್ರದಾಯವುಂಟು. ತರಗತಿಯ ಕೋಣೆಗೆ, ಗ್ರಂಥಾಲಯಕ್ಕೆ, ಪ್ರಸಾದ ನಿಲಯಕ್ಕೆ ನೆರವಾದವರ ಹೆಸರುಗಳು ಅಲ್ಲಲ್ಲಿ ಶೋಭಿಸುತ್ತವೆ. ಮಣ್ಣಿನ ಪರೀಕ್ಷೆಗೆ ಹಣ ಕೊಟ್ಟವರ ಹೆಸರಿನ ಕಲ್ಲು ಮಾತ್ರ ಕಾಣಸಿಗುವುದು ದುರ್ಲಭ. ಹೀಗಾಗಿಯೇ ಅಂದಾಜುಪಟ್ಟಿಯಲ್ಲಿ ಖರ್ಚು ಮಿತಿಮೀರಿತೆಂದಾಗ ಮೊದಲು ಹೊಡೆದುಹಾಕುವ ಸಾಲು ಬಹುಮಟ್ಟಿಗೆ ಇದೇ ಆಗಿರುತ್ತದೆ. ಆ ಸಾಲಿನ ಅರ್ಥವೇನು, ಅದನ್ನು ಬಿಟ್ಟರೆ ಅಥವಾ ಅರೆಬರೆಯಾಗಿ ನೆರವೇರಿಸಿದರೆ ಒದಗುವ ಹಾನಿ ಎಂಥದು ಎಂಬುದನ್ನು ತಿಳಿಯುವುದು ಕಟ್ಟುವವರಿಗೂ ಕಟ್ಟಿಸುವವರಿಗೂ ಅವಶ್ಯಕ.

ಕಣದಲ್ಲಿ ಜೋಳದ ರಾಶಿ ಹಾಕುವ ರೈತನು ಈ ಶಾಸ್ತ್ರದ ಮೊದಲ ಪಾಠವನ್ನು ಓದದೆಯೇ ಬಲ್ಲನು. ರಾಶಿಯ ಮೇಲೆ ಕಾಳು ಸುರಿಯುತ್ತ ಹೋದಂತೆ ಅದು ಒಂದು ಇಳಿಜಾರಿನವರೆಗೆ ಏರುತ್ತದೆ. ಆಮೇಲೆ ಏರದೆ ಬದಿಗೆ ಹರಿದು ಬುಡವನ್ನು ಅಗಲಿಸಿಕೊಳ್ಳುತ್ತದೆ. ಅಲ್ಲಿ ಕಾಳು ಒಡೆಯುವುದಿಲ್ಲ, ಕಾಳಿನ ಮೇಲೆ ಕಾಳು ಜಾರುತ್ತದೆ. ಮಣ್ಣಿನ ಸ್ಥಿತಿಯೂ ಇದೇ. ಕಲ್ಲು ಭಾರಕ್ಕೆ ಸೀಳಬಹುದು, ಇಟ್ಟಿಗೆ ಪುಡಿಯಾಗಬಹುದು. ಮಣ್ಣು ಸೀಳುವುದೂ ಇಲ್ಲ, ಪುಡಿಯಾಗುವುದೂ ಇಲ್ಲ. ಅದರೊಳಗೆ ಒಂದು ವಕ್ರವಾದ ಮೇಲ್ಮೈ ಏರ್ಪಟ್ಟು, ಆ ಮೇಲ್ಮೈಯ ಗುಂಟ ಒಂದು ಭಾಗವು ಇನ್ನೊಂದರ ಮೇಲೆ ಸರಿದುಹೋಗುತ್ತದೆ. ಈ ಸರಿತವನ್ನು ತಡೆಯುವ ಗುಣವನ್ನೇ ಎಂಜಿನಿಯರುಗಳು ಷಿಯರ್ ಶಕ್ತಿ ಎನ್ನುವರು. ಕನ್ನಡದಲ್ಲಿ ಅದನ್ನು ಜಾರುನಿರೋಧ ಶಕ್ತಿ ಎಂದರೆ ಅರ್ಥ ನೇರವಾಗಿ ಹೊಳೆಯುತ್ತದೆ. ಪಾಯದ ಅಗಲ, ಕೆರೆಯ ಏರಿಯ ಇಳಿಜಾರು, ತಡೆಗೋಡೆಯ ದಪ್ಪ, ಇವೆಲ್ಲವೂ ಈ ಒಂದು ಗುಣವನ್ನು ಅವಲಂಬಿಸಿವೆ.

ಟ್ರಾನ್ಸ್‌ಕೋನಾದ ಧಾನ್ಯಾಗಾರ

ಈ ಶಕ್ತಿಯನ್ನು ಸರಿಯಾದ ಆಳದಲ್ಲಿ ಅಳೆಯದಿದ್ದರೆ ಏನಾಗುವುದೆಂಬುದಕ್ಕೆ ಕೆನಡಾ ದೇಶದ ಉದಾಹರಣೆಯೊಂದು ಎಲ್ಲ ಪಠ್ಯಗ್ರಂಥಗಳಲ್ಲಿಯೂ ಬರುತ್ತದೆ. ಮ್ಯಾನಿಟೋಬ ಪ್ರಾಂತದ ವಿನಿಪೆಗ್ ನಗರದ ಬಳಿ ಟ್ರಾನ್ಸ್‌ಕೋನಾ ಎಂಬಲ್ಲಿ ರೈಲ್ವೆಯವರು 1911ರಿಂದ 1913ರವರೆಗೆ ಭಾರಿ ಧಾನ್ಯಾಗಾರವೊಂದನ್ನು ಕಟ್ಟಿಸಿದರು. ಹದಿಮೂರರಂತೆ ಐದು ಸಾಲುಗಳಲ್ಲಿ ನಿಂತ 65 ಕಾಂಕ್ರೀಟ್ ಕಣಜಗಳು. ಪ್ರತಿಯೊಂದರ ಎತ್ತರ ಸುಮಾರು 28 ಮೀಟರ್. ಎಲ್ಲವೂ ಸುಮಾರು 59 ಮೀಟರ್ ಉದ್ದ, 23 ಮೀಟರ್ ಅಗಲದ ಒಂದೇ ಕಾಂಕ್ರೀಟ್ ಹಾಸಿನ ಮೇಲೆ ನಿಂತಿದ್ದವು. ಹತ್ತು ಲಕ್ಷ ಬುಷೆಲ್, ಅಂದರೆ ಸುಮಾರು 27,000 ಟನ್ ಗೋದಿಯನ್ನು ಅದು ಹಿಡಿಯಬೇಕಾಗಿತ್ತು.

ಕಟ್ಟಿಸಿದವರು ನೆಲವನ್ನು ಪರೀಕ್ಷಿಸಲಿಲ್ಲವೆಂದು ಹೇಳುವಂತಿಲ್ಲ. ಪಾಯದ ಗುಂಡಿಯ ತಳದಲ್ಲಿ ಸಣ್ಣ ಹಲಗೆಯ ಮೇಲೆ ಭಾರ ಹೇರಿ ನೋಡಿದ್ದರು. ನೆಲವು ಚದರ ಮೀಟರಿಗೆ 40 ಟನ್ನಿನಷ್ಟನ್ನು ಹೊರಬಲ್ಲದೆಂಬ ಉತ್ತರ ಬಂದಿತ್ತು. ಧಾನ್ಯ ತುಂಬಿದ ಕಟ್ಟಡದಿಂದ ಬೀಳುವ ಒತ್ತಡ ಅದಕ್ಕಿಂತ ಕಡಿಮೆ. ಲೆಕ್ಕ ಸರಿಯಾಗಿತ್ತು, ಮಣ್ಣಿಗೆ ಕೇಳಿದ ಪ್ರಶ್ನೆ ಮಾತ್ರ ತಪ್ಪಾಗಿತ್ತು.

1913ರ ಸೆಪ್ಟೆಂಬರಿನಲ್ಲಿ ಗೋದಿ ತುಂಬಲಾರಂಭಿಸಿದರು. ಅಕ್ಟೋಬರ್ 18ರಂದು ಎಂಟು ಮುಕ್ಕಾಲು ಲಕ್ಷ ಬುಷೆಲ್ ಒಳಗಿದ್ದಾಗ ಕಟ್ಟಡ ಇಳಿಯತೊಡಗಿತು. ಮೊದಲ ಒಂದು ಗಂಟೆಯಲ್ಲಿಯೇ ಸುಮಾರು ಒಂದು ಅಡಿ ಇಳಿದು, ಬಳಿಕ ಪಶ್ಚಿಮದ ಕಡೆಗೆ ವಾಲುತ್ತ, ಇಪ್ಪತ್ತನಾಲ್ಕು ಗಂಟೆಗಳೊಳಗೆ 27 ಅಂಶಗಳಷ್ಟು ಓರೆಯಾಗಿ ನಿಂತಿತು. ಪಶ್ಚಿಮದ ಅಂಚು ಸುಮಾರು 7 ಮೀಟರ್ ನೆಲದೊಳಗೆ ಹೋಯಿತು. ಪೂರ್ವದ ಅಂಚು ಮೊದಲಿದ್ದ ಮಟ್ಟಕ್ಕಿಂತ ಒಂದೂವರೆ ಮೀಟರಿನಷ್ಟು ಮೇಲೆದ್ದಿತು. ಕಾಂಕ್ರೀಟು ಮಾತ್ರ ಒಡೆಯಲಿಲ್ಲ! ಮೇಲಿನ ಕೆಲಸದಲ್ಲಿ ಒಂದು ಲೋಪವೂ ಇರಲಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಮುಂದೆ ಎಂಜಿನಿಯರುಗಳು ಗೋದಿಯನ್ನು ತೆಗೆಸಿ, ಎತ್ತರದ ಬದಿಯ ಕೆಳಗಿನ ಮಣ್ಣನ್ನು ಬಗೆದು, ಬಂಡೆಯವರೆಗೆ ಕಾಂಕ್ರೀಟ್ ಕಂಬಗಳನ್ನು ಇಳಿಸಿ, ಜಾಕಿಗಳಿಂದ ಇಡೀ ಕಟ್ಟಡವನ್ನು 1914ರಲ್ಲಿ ನೆಟ್ಟಗೆ ನಿಲ್ಲಿಸಿದರು. ಅದು ಬೇರೆಯೇ ಒಂದು ಸಾಹಸಗಾಥೆ.

ತಪ್ಪಿದ್ದುದೆಲ್ಲಿ? 1951ರಲ್ಲಿ, ಮೂವತ್ತೆಂಟು ವರ್ಷಗಳ ತರುವಾಯ, ಆ ಸ್ಥಳದ ಸಮೀಪ ಕೊಳವೆಗಳನ್ನಿಳಿಸಿ ಮಣ್ಣಿನ ಮಾದರಿಗಳನ್ನು ತೆಗೆದು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿದರು. ಅಮೆರಿಕದ ಪ್ರಾಧ್ಯಾಪಕ ರಾಲ್ಫ್ ಪೆಕ್ ಹಾಗೂ ಅವರ ಸಹೋದ್ಯೋಗಿ ಬ್ರಯಂಟ್ 1953ರಲ್ಲಿ ಫಲಿತಾಂಶಗಳನ್ನು ಪ್ರಕಟಿಸಿದರು. ಮೇಲಿನ ಜೇಡಿಪದರ ಗಟ್ಟಿ. ಅದರ ಜಾರುನಿರೋಧ ಶಕ್ತಿ ಸುಮಾರು 54 ಕಿಲೋಪಾಸ್ಕಲ್. ಅದರಡಿಯ ಪದರ ಮೆತ್ತಗೆ. ಅದರ ಶಕ್ತಿ ಸುಮಾರು 31 ಮಾತ್ರ. (ಹತ್ತು ಕಿಲೋಪಾಸ್ಕಲ್ ಎಂದರೆ ಚದರ ಮೀಟರಿಗೆ ಹೆಚ್ಚುಕಡಿಮೆ ಒಂದು ಟನ್.) ಚಿಕ್ಕ ಹಲಗೆಯ ಒತ್ತಡ ಅದರ ಅಗಲದ ಒಂದೆರಡು ಪಟ್ಟು ಆಳಕ್ಕೆ ಮಾತ್ರ ತಲಪುತ್ತದೆ; ಆದಕಾರಣ ಅದು ಗಟ್ಟಿ ಪದರವನ್ನಷ್ಟೇ ಮಾತನಾಡಿಸಿತು. 23 ಮೀಟರ್ ಅಗಲದ ಹಾಸಿನ ಒತ್ತಡವಾದರೋ ಮೆತ್ತನೆಯ ಪದರವನ್ನೆಲ್ಲ ವ್ಯಾಪಿಸಿತು. ಹೊಸ ಮಾದರಿಗಳ ಶಕ್ತಿಯಿಂದ ಗಣಿಸಿದಾಗ, ನೆಲವು ಕುಸಿಯಬೇಕಾದ ಒತ್ತಡವು ಅದು ನಿಜವಾಗಿ ಕುಸಿದ ಒತ್ತಡಕ್ಕೆ, ಅಂದರೆ ಚದರ ಮೀಟರಿಗೆ ಸುಮಾರು 30 ಟನ್ನಿಗೆ, ಅತ್ಯಂತ ಹತ್ತಿರ ಬಂದಿತು. ಅಂಗೈಯಲ್ಲಿ ಹಿಡಿಯುವಷ್ಟು ಮಣ್ಣಿನ ಉರುಳೆಗಳು ಆ ಬೃಹತ್ ಕಟ್ಟಡದ ಭವಿಷ್ಯವನ್ನು ಮೊದಲೇ ನುಡಿಯಬಲ್ಲವಾಗಿದ್ದವು. ಆದರೆ 1913ರಲ್ಲಿ ಹಾಗೆ ಕೇಳುವ ಶಾಸ್ತ್ರವೇ ಇನ್ನೂ ರೂಪುಗೊಂಡಿರಲಿಲ್ಲ.

ಎರಡು ಗುಣಗಳು, ಒಂದು ಪೆಟ್ಟಿಗೆ

ಶಾಸ್ತ್ರದ ಬೀಜ ಮಾತ್ರ ಅದಕ್ಕೂ ಬಹಳ ಹಿಂದಿನದು. ಫ್ರಾನ್ಸಿನ ಸೇನಾ ಎಂಜಿನಿಯರಾಗಿದ್ದ ಕೂಲಾಂಬನು ಮಾರ್ಟಿನಿಕ್ ದ್ವೀಪದಲ್ಲಿ ಕೋಟೆಯ ಕೆಲಸದಲ್ಲಿ ಹಲವು ವರ್ಷ ತೊಡಗಿದ್ದನು. ವಿದ್ಯುತ್ತಿನ ನಿಯಮದಿಂದ ಶಾಲಾಮಕ್ಕಳಿಗೆಲ್ಲ ಪರಿಚಿತನಾದ ಆ ಕೂಲಾಂಬನೇ ಈತನು. 1773ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಮುಂದೆ ಓದಿದ ಪ್ರಬಂಧದಲ್ಲಿ ಜಾರುವಿಕೆಯನ್ನು ತಡೆಯುವುದರಲ್ಲಿ ಎರಡು ಅಂಶಗಳಿವೆಯೆಂದು ಅವನು ತೋರಿಸಿದನು. ಒಂದು ಅಂಟು, ಅದು ಒತ್ತಡವಿರಲಿ ಇಲ್ಲದಿರಲಿ ಇದ್ದೇ ಇರುತ್ತದೆ. ಇನ್ನೊಂದು ಘರ್ಷಣೆ, ಅದು ಮೇಲಿನ ಒತ್ತಡ ಹೆಚ್ಚಿದಂತೆ ಹೆಚ್ಚುತ್ತದೆ. ಒಣಮರಳಿನಲ್ಲಿ ಘರ್ಷಣೆಯುಂಟು, ಅಂಟಿಲ್ಲ. ಕುಂಬಾರನ ಕೈಯ ಹಸಿಮಣ್ಣನ್ನು ಬೇಗಬೇಗನೆ ಒತ್ತಿದರೆ ಅಂಟೊಂದೇ ಇರುವಂತೆ ತೋರುತ್ತದೆ. ಹೀಗೆ ತೋರುವುದರ ಕಾರಣ ಮುಂದೆ ತಿಳಿಯುವುದು.

ಇವೆರಡನ್ನೂ ಅಳೆಯಲು ಅತ್ಯಂತ ಸರಳವಾದ ಸಾಧನ ಎರಡು ಭಾಗದ ಪೆಟ್ಟಿಗೆ. 60 ಮಿಲಿಮೀಟರ್ ಚೌಕದ ಲೋಹದ ಪೆಟ್ಟಿಗೆ ನಡುವೆ ಅಡ್ಡಲಾಗಿ ಇಬ್ಭಾಗವಾಗಿರುತ್ತದೆ. ಅದರಲ್ಲಿ ಮಣ್ಣು ತುಂಬಿ, ಮೇಲಿನಿಂದ ಗೊತ್ತಾದ ಭಾರ ಹೇರಿ, ಕೆಳಗಿನ ಅರ್ಧವನ್ನು ನಿಧಾನವಾಗಿ ಪಕ್ಕಕ್ಕೆ ಸರಿಸುತ್ತಾರೆ. ಮಣ್ಣು ಜಾರುವವರೆಗೆ ಬೇಕಾದ ಬಲವನ್ನು ಗುರುತಿಸುತ್ತಾರೆ. ಭಾರವನ್ನು ಬದಲಿಸಿ ಇದನ್ನೇ ಕನಿಷ್ಠ ಮೂರು ಸಲ, ಪ್ರತಿಸಲವೂ ಹೊಸ ಮಾದರಿಯಿಂದ ಮಾಡಬೇಕು. ಉದಾಹರಣೆಗೆ ಒತ್ತಡ 50, 100, 150 ಕಿಲೋಪಾಸ್ಕಲ್ ಇದ್ದಾಗ ಜಾರುಬಲ ಕ್ರಮವಾಗಿ 40, 70, 100 ಬಂದಿತೆನ್ನೋಣ. ಚೌಕಳಿ ಕಾಗದದ ಮೇಲೆ ಈ ಮೂರು ಬಿಂದುಗಳನ್ನು ಗುರುತಿಸಿದರೆ ಅವು ಒಂದೇ ಸರಳರೇಖೆಯ ಮೇಲಿರುತ್ತವೆ. ರೇಖೆಯು ನಿಲುವಿನ ಅಕ್ಷವನ್ನು 10ರಲ್ಲಿ ಕಡಿಯುತ್ತದೆ, ಇದು ಅಂಟು. ಅದರ ಏರಿಕೆ 0.6, ಇದು 31 ಅಂಶಗಳ ಘರ್ಷಣಕೋನದ ಸ್ಪರ್ಶಕ. ಹತ್ತನೆಯ ತರಗತಿಯ ವಿದ್ಯಾರ್ಥಿಯೂ ಬಿಡಿಸಬಲ್ಲ ಲೆಕ್ಕವಿದು. ತ್ರಿಕೋನಮಿತಿಯ ಉಪಯೋಗವೇನೆಂದು ಕೇಳುವ ಹುಡುಗರಿಗೆ ಗಣಿತದ ಶಿಕ್ಷಕರು ಧಾರಾಳವಾಗಿ ಇದನ್ನು ಹೇಳಬಹುದು.

ಈ ಪರೀಕ್ಷೆಯ ವಿಧಾನ ಭಾರತೀಯ ಮಾನಕ 2720ರ ಹದಿಮೂರನೆಯ ಭಾಗದಲ್ಲಿದೆ. ಮರಳಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಆದರೆ ಇದಕ್ಕೊಂದು ದೋಷವುಂಟು: ಮಣ್ಣು ಎಲ್ಲಿ ಜಾರಬೇಕೆಂಬುದನ್ನು ಇಲ್ಲಿ ಪೆಟ್ಟಿಗೆ ನಿರ್ಧರಿಸುತ್ತದೆ, ಮಣ್ಣು ನಿರ್ಧರಿಸುವುದಿಲ್ಲ. ಇದಕ್ಕಿಂತ ದೊಡ್ಡ ಕೊರತೆಯೆಂದರೆ, ಮಣ್ಣಿನೊಳಗಿನ ನೀರಿನ ಮೇಲೆ ಪೆಟ್ಟಿಗೆಗೆ ಹಿಡಿತವಿಲ್ಲ.

ನೀರಿನ ಪಾಲು

ಮಣ್ಣಿನ ವಿಷಯದಲ್ಲಿ ನೀರೇ ಅರ್ಧ ಕಥೆ. ಕಣಗಳ ನಡುವಣ ಸಂದುಗಳು ನೀರಿನಿಂದ ತುಂಬಿರುವಾಗ ಮೇಲಿನ ಭಾರವನ್ನು ಕಣಗಳೂ ನೀರೂ ಹಂಚಿಕೊಳ್ಳುತ್ತವೆ. ನೀರಿಗೆ ಘರ್ಷಣೆಯಿಲ್ಲ. ಆದುದರಿಂದ ನೀರು ಹೊತ್ತಷ್ಟು ಭಾರ ಜಾರುನಿರೋಧಕ್ಕೆ ದಕ್ಕುವುದಿಲ್ಲ. ಕಣಗಳ ಪಾಲಿಗೆ ಬಂದ ಒತ್ತಡವೊಂದೇ ಘರ್ಷಣೆಯನ್ನು ಹುಟ್ಟಿಸುತ್ತದೆ. ಹಿಂದಿನ ಲೆಕ್ಕದ ಮಣ್ಣನ್ನೇ ತೆಗೆದುಕೊಂಡರೆ, ಒತ್ತಡ 100 ಇದ್ದಾಗ ಅದರ ಜಾರುಬಲ 70. ಆ 100ರಲ್ಲಿ 40ನ್ನು ನೀರು ಹೊತ್ತಿದ್ದರೆ ಕಣಗಳಿಗೆ ಉಳಿದುದು 60. ಆಗ ಜಾರುಬಲ 46ಕ್ಕೆ ಇಳಿಯುತ್ತದೆ. ಮಣ್ಣು ಅದೇ, ಭಾರವೂ ಅದೇ. ಮಳೆಗಾಲದಲ್ಲಿ ಗುಡ್ಡಗಳು ಜಾರುವುದಕ್ಕೆ ಇದೇ ಮುಖ್ಯ ಕಾರಣ.

ಈ ತತ್ತ್ವವನ್ನು ಶಾಸ್ತ್ರದ ತಳಹದಿಯಾಗಿ ನಿಲ್ಲಿಸಿದವನು ಕಾರ್ಲ್ ಟೆರ್ಜಾಗಿ. ಮೊದಲ ಮಹಾಯುದ್ಧದ ಕಾಲದಲ್ಲಿ ಇಸ್ತಾಂಬುಲಿನಲ್ಲಿ ಅಧ್ಯಾಪಕನಾಗಿದ್ದ ಈತನು ಕಾಲೇಜಿನ ಗುಜರಿ ಸಾಮಾನುಗಳಿಂದಲೂ ಸಿಗಾರಿನ ಖಾಲಿ ಪೆಟ್ಟಿಗೆಗಳಿಂದಲೂ ತನ್ನ ಮೊದಲ ಉಪಕರಣಗಳನ್ನು ಹೊಂದಿಸಿಕೊಂಡನು. ಪ್ರಯೋಗಶಾಲೆಗೆ ಅನುದಾನ ಬರಲಿಲ್ಲವೆಂದು ಕೈಚೆಲ್ಲಿ ಕೂಡದ ಶಿಕ್ಷಕರ ಸಾಲಿನಲ್ಲಿ ಇವನಿಗೆ ಎತ್ತರದ ಸ್ಥಾನ ಸಲ್ಲಬೇಕು. 1925ರಲ್ಲಿ ವಿಯೆನ್ನಾದಿಂದ ಪ್ರಕಟವಾದ ಅವನ ಜರ್ಮನ್ ಗ್ರಂಥದೊಂದಿಗೆ ಆಧುನಿಕ ಮೃತ್ತಿಕಾ ಯಂತ್ರವಿಜ್ಞಾನ ಆರಂಭವಾಯಿತೆನ್ನುವುದು ವಾಡಿಕೆ.

ನೀರನ್ನು ಅಂಕೆಯಲ್ಲಿಟ್ಟು ಮಾಡುವ ಪರೀಕ್ಷೆಗೆ ತ್ರ್ಯಕ್ಷೀಯ ಅಥವಾ ಟ್ರೈಯಾಕ್ಸಿಯಲ್ ಪರೀಕ್ಷೆಯೆಂದು ಹೆಸರು. ಸಾಮಾನ್ಯವಾಗಿ 38 ಮಿಲಿಮೀಟರ್ ವ್ಯಾಸ, 76 ಮಿಲಿಮೀಟರ್ ಎತ್ತರದ ಮಣ್ಣಿನ ಉರುಳೆಗೆ ತೆಳು ರಬ್ಬರಿನ ಚೀಲ ತೊಡಿಸಿ, ಪಾರದರ್ಶಕ ಪಾತ್ರೆಯೊಳಗಿಟ್ಟು, ಸುತ್ತಲೂ ನೀರು ತುಂಬಿ ಒತ್ತಡ ಕೊಡುತ್ತಾರೆ. ನೆಲದಾಳದಲ್ಲಿ ಸುತ್ತಣ ಮಣ್ಣು ಅದನ್ನು ಹೇಗೆ ಅವುಚಿ ಹಿಡಿದಿತ್ತೋ ಹಾಗೆ ಇಲ್ಲಿ ನೀರು ಅವುಚಿ ಹಿಡಿಯುತ್ತದೆ. ಬಳಿಕ ಮೇಲಿನಿಂದ ದಂಡವೊಂದರ ಮೂಲಕ ಭಾರವನ್ನು ಹೆಚ್ಚಿಸುತ್ತ ಹೋಗುತ್ತಾರೆ. ಗಟ್ಟಿಮಣ್ಣು ಓರೆಯಾಗಿ ಜಾರುತ್ತದೆ. ಮೆತ್ತನೆಯ ಮಣ್ಣು ನಡುವೆ ಉಬ್ಬಿ ಪೀಪಾಯಿಯಂತಾಗುತ್ತದೆ. ಕೆಳಗಿನ ಕೊಳಾಯಿಯನ್ನು ಮುಚ್ಚಿದ್ದರೆ ಮಣ್ಣಿನೊಳಗಿನ ನೀರು ಹೊರಬರಲಾರದು. ತೆರೆದಿಟ್ಟು ಅತಿ ಮಂದಗತಿಯಲ್ಲಿ ಭಾರ ಹಾಕಿದರೆ ನೀರು ಬಸಿದುಹೋಗುತ್ತದೆ. ಮುಚ್ಚಿದ ಕೊಳಾಯಿಗೆ ಮಾಪಕ ಜೋಡಿಸಿ ಒಳನೀರಿನ ಒತ್ತಡವನ್ನು ಅಳೆಯುವುದೂ ಸಾಧ್ಯ. ಮುಚ್ಚಿದ ಪರೀಕ್ಷೆ ಕೆಲವು ನಿಮಿಷಗಳಲ್ಲಿ ಮುಗಿಯುತ್ತದೆ. ತೆರೆದ ಪರೀಕ್ಷೆ ಜೇಡಿಮಣ್ಣಿಗಾದರೆ ದಿನಗಟ್ಟಲೆ ನಡೆಯುತ್ತದೆ.

ಯಾವುದನ್ನು ಆರಿಸಬೇಕು? ಇಲ್ಲಿಯೇ ಎಂಜಿನಿಯರನ ವಿವೇಕಕ್ಕೆ ಕೆಲಸ. ಜೇಡಿಯಿಂದ ನೀರು ಬಸಿಯಲು ವರ್ಷಗಳು ಬೇಕು, ಕಟ್ಟಡ ಏಳುವುದು ತಿಂಗಳುಗಳಲ್ಲಿ. ಆದ್ದರಿಂದ ಮೆತ್ತನೆಯ ಜೇಡಿಯ ಮೇಲೆ ಕಟ್ಟುವಾಗ ಅಪಾಯದ ಗಳಿಗೆ ಕೆಲಸ ಮುಗಿದ ಸಮಯವೇ. ಅದಕ್ಕೆ ನೀರು ಬಸಿಯದ ಪರೀಕ್ಷೆ ಸಲ್ಲುತ್ತದೆ. ಟ್ರಾನ್ಸ್‌ಕೋನಾದಲ್ಲಿ ಕಣಜ ತುಂಬಿದ್ದು ಕೆಲವೇ ವಾರಗಳಲ್ಲಿ ಎಂಬುದನ್ನು ನೆನೆಯಬಹುದು. ನಿಧಾನವಾಗಿ ಭಾರ ಹೇರಿದಂತೆ ಅಂಥ ನೆಲ ಗಟ್ಟಿಗೊಳ್ಳುತ್ತ ಹೋಗುವುದರಿಂದ ಮೆತ್ತನೆಯ ನೆಲದ ಮೇಲಿನ ಏರಿಗಳನ್ನು ಹಂತಹಂತವಾಗಿ, ನಡುವೆ ಬಿಡುವು ಕೊಟ್ಟು ಎತ್ತರಿಸುತ್ತಾರೆ.

ಗಟ್ಟಿಜೇಡಿಯನ್ನು ಅಗೆದು ಇಳಿಜಾರು ಮಾಡುವಾಗ ಎಲ್ಲವೂ ತಿರುವುಮುರುವು. ಮೇಲಿನ ಮಣ್ಣನ್ನು ತೆಗೆದೊಡನೆ ಒಳಗಿನ ನೀರಿನ ಒತ್ತಡ ಕುಗ್ಗಿ ಮಣ್ಣು ಮೊದಮೊದಲು ಬಲವಾಗಿಯೇ ನಿಲ್ಲುತ್ತದೆ. ಬಳಿಕ ಅದು ಸುತ್ತಲಿನ ನೀರನ್ನು ಹೀರುತ್ತ ವರ್ಷವರ್ಷಕ್ಕೂ ದುರ್ಬಲವಾಗುತ್ತದೆ. ಲಂಡನ್ನಿನ ಕೆನ್ಸಲ್ ಗ್ರೀನಿನಲ್ಲಿ 1912ರಲ್ಲಿ ಕಟ್ಟಿದ ತಡೆಗೋಡೆಯೊಂದು 1941ರಲ್ಲಿ ಹಿಂದಿನ ಜೇಡಿಯೊಡನೆ ಮುಂದಕ್ಕೆ ಸರಿಯಿತು. ಇಪ್ಪತ್ತೊಂಬತ್ತು ವರ್ಷ ನಿಂತಿದ್ದ ಗೋಡೆ! ಆಂಗ್ಲ ವಿಜ್ಞಾನಿ ಸ್ಕೆಂಪ್ಟನ್ ಇಂಥ ಹಲವು ಕುಸಿತಗಳನ್ನು ಅಭ್ಯಸಿಸಿ, ಅಗೆದ ಇಳಿಜಾರುಗಳಿಗೆ ನೀರು ಬಸಿದ ಸ್ಥಿತಿಯ ಶಕ್ತಿಯನ್ನೇ, ಅದೂ ಒಮ್ಮೆ ಜಾರಿದ ಮೇಲೆ ಉಳಿಯುವ ಶಕ್ತಿಯನ್ನು ಗಮನದಲ್ಲಿಟ್ಟು, ಗಣಿಸಬೇಕೆಂದು 1964ರಲ್ಲಿ ಪ್ರತಿಪಾದಿಸಿದನು. ಒಂದೇ ಮಣ್ಣಿಗೆ ಒಂದೇ ಶಕ್ತಿಯೆಂಬುದಿಲ್ಲ. ಅದು ಮುಂದೆ ಅನುಭವಿಸಲಿರುವುದನ್ನು ಪ್ರಯೋಗಶಾಲೆಯಲ್ಲಿ ಮುಂಗಡವಾಗಿ ಅನುಭವಿಸುವಂತೆ ಮಾಡಿದರೆ ಮಾತ್ರ ಬಂದ ಅಂಕಿಗೆ ಅರ್ಥವುಂಟು.

ಜೇಡಿಗೆ ಇನ್ನೂ ಸುಲಭದ ಪರೀಕ್ಷೆಯೊಂದಿದೆ. ಸುತ್ತಲೂ ಏನೂ ಒತ್ತಡವಿಲ್ಲದೆ ಅದೇ ಅಳತೆಯ ಉರುಳೆಯನ್ನು ಮೇಲಿನಿಂದ ಅದುಮುವುದು. ಸುಮಾರು 13 ಕಿಲೋಗ್ರಾಂ ತೂಕದಷ್ಟು ಬಲಕ್ಕೆ, ಹತ್ತನೆಯ ಒಂದಂಶ ಕುಗ್ಗಿ ಉರುಳೆ ಜಾರಿತೆನ್ನೋಣ. ಉಬ್ಬಿದ ವಿಸ್ತೀರ್ಣವನ್ನು ಲೆಕ್ಕಕ್ಕೆ ಹಿಡಿದರೆ ಅದುಮುಬಲ 100 ಕಿಲೋಪಾಸ್ಕಲ್. ಅದರ ಅರ್ಧ, 50, ಜಾರುನಿರೋಧ ಶಕ್ತಿ. ಉದ್ದನೆಯ ಪಾಯವು ಅದರ ಸುಮಾರು 5.14 ಪಟ್ಟು, ಅಂದರೆ 257 ಕಿಲೋಪಾಸ್ಕಲ್ ಒತ್ತಡಕ್ಕೆ ಕುಸಿಯುತ್ತದೆ. ಸುರಕ್ಷತೆಗಾಗಿ ಮೂರರಿಂದ ಭಾಗಿಸಿದರೆ ಚದರ ಮೀಟರಿಗೆ ಎಂಟೂವರೆ ಟನ್. ಉರುಳೆಯ ಶಕ್ತಿ ಅರ್ಧವಿದ್ದರೆ ಪಾಯದ ಅಗಲ ಇಮ್ಮಡಿಯಾಗಬೇಕು. ಟ್ರಾನ್ಸ್‌ಕೋನಾದ ಮಾದರಿಗಳನ್ನು ಪರೀಕ್ಷಿಸಿದ್ದು ಈ ವಿಧಾನದಿಂದಲೇ.

ಮಾದರಿಯನ್ನು ತರುವ ಬಗೆ

ಯಂತ್ರವೆಷ್ಟೇ ಸೂಕ್ಷ್ಮವಾದರೂ ತಂದ ಮಾದರಿ ಕೆಟ್ಟಿದ್ದರೆ ಪ್ರಯೋಜನವಿಲ್ಲ. ಸಲಿಕೆಯಿಂದ ಅಗೆದು ಗೋಣಿಚೀಲದಲ್ಲಿ ತುಂಬಿ ತಂದ ಜೇಡಿ ಮಣ್ಣಿನ ಜಾತಿಯನ್ನು ತಿಳಿಸೀತು, ಅದರ ಶಕ್ತಿಯನ್ನು ತಿಳಿಸಲಾರದು. ತೆಳುಗೋಡೆಯ ಉಕ್ಕಿನ ಕೊಳವೆಯನ್ನು ಒಂದೇ ಸಮನೆ ಒತ್ತಿ ಇಳಿಸಿ, ಮೇಲೆತ್ತಿದೊಡನೆ ಎರಡೂ ಬಾಯಿಗೆ ಮೇಣ ಹೊಯ್ದು, ಆಳವನ್ನೂ ಮೇಲು ತುದಿ ಯಾವುದೆಂಬುದನ್ನೂ ಬರೆದು, ಬಿಸಿಲಿಗೂ ಕುಲುಕಾಟಕ್ಕೂ ಸಿಗದಂತೆ ಸಾಗಿಸಬೇಕು. ಕಲಕಿದರೆ ಬಲ ಕಳೆದುಕೊಳ್ಳುವುದು ಹಲವು ಜೇಡಿಗಳ ಸ್ವಭಾವ. ನಾರ್ವೆ ದೇಶದ ಕೆಲವು ಜೇಡಿಗಳಂತೂ ಕಲಕಿದೊಡನೆ ದ್ರವವೇ ಆಗುತ್ತವೆ. ಅಲ್ಲಿನ ರಿಸ್ಸಾ ಎಂಬ ಹಳ್ಳಿಯಲ್ಲಿ 1978ರ ಏಪ್ರಿಲ್ 29ರಂದು, ಕೊಟ್ಟಿಗೆಯನ್ನು ವಿಸ್ತರಿಸಲು ಅಗೆದ ಸುಮಾರು 700 ಘನಮೀಟರ್ ಮಣ್ಣನ್ನು ಸರೋವರದ ದಂಡೆಯಲ್ಲಿ ಒಟ್ಟಿದುದರಿಂದ ಮೊದಲಾದ ಜಾರಿಕೆ 33 ಹೆಕ್ಟೇರು ಭೂಮಿಯನ್ನು ಮನೆಗಳ ಸಮೇತ ಕೊಚ್ಚಿಕೊಂಡುಹೋಯಿತು, ಒಬ್ಬರು ಮೃತರಾದರು.

ಎರೆಮಣ್ಣಿನ ನಾಡಿನಲ್ಲಿ

ಕರ್ನಾಟಕದಲ್ಲಿ ಅಂಥ ಜೇಡಿಯಿಲ್ಲ; ಆದರೆ ಇಲ್ಲಿನ ಎರೆಭೂಮಿಗೆ ತನ್ನದೇ ಹಟವಿದೆ. ವಿಜಯಪುರ, ಬಾಗಲಕೋಟೆ, ಗದಗ, ಧಾರವಾಡ, ರಾಯಚೂರು, ಕಲಬುರಗಿ ಸೀಮೆಗಳ ಈ ಕಪ್ಪುಮಣ್ಣು ಬೇಸಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ಹೆಂಟೆಯನ್ನು ಒಡೆಯಲು ಕೊಡತಿ ಬೇಕು. ಆಗ ತೆಗೆದ ಮಾದರಿಯನ್ನು ಹಾಗೆಯೇ ಪರೀಕ್ಷಿಸಿದರೆ ಬರುವ ಅಂಕಿ ಎಂಥವರನ್ನೂ ಮರುಳುಗೊಳಿಸುತ್ತದೆ. ಅದೇ ಮಣ್ಣು ಶ್ರಾವಣದಲ್ಲಿ ಕಾಲಿಗೆ ಹತ್ತಿ ನಡೆಯಗೊಡದು. ಕಟ್ಟಡವು ಎರಡೂ ಕಾಲದಲ್ಲಿ ನಿಲ್ಲಬೇಕಾದುದರಿಂದ ಮಾದರಿಯನ್ನು ನೀರಿನಲ್ಲಿ ನೆನೆಸಿದ ಮೇಲೆಯೇ ಪರೀಕ್ಷಿಸಬೇಕು.

ಎರೆಮಣ್ಣಿಗೆ ಜಾರುನಿರೋಧದ ಪರೀಕ್ಷೆಯೊಂದೇ ಸಾಲದೆಂಬುದನ್ನೂ ಹೇಳಬೇಕು. ನೀರು ಕುಡಿದಾಗ ಅದು ಉಬ್ಬಿ ಹಗುರವಾದ ಕಟ್ಟಡವನ್ನು ಮೇಲಕ್ಕೆತ್ತುತ್ತದೆ. ಒಂದಂತಸ್ತಿನ ಶಾಲೆಗಳ ಗೋಡೆಗಳಲ್ಲಿ ಕಿಟಕಿಯ ಮೂಲೆಯಿಂದ ಓರೆಯಾಗಿ ಏರುವ ಬಿರುಕುಗಳು ಹಲವು ವೇಳೆ ಇದರ ಕುರುಹು. ಉಬ್ಬುವ ಒತ್ತಡವನ್ನು ಅಳೆಯಲು ಬೇರೆ ಪರೀಕ್ಷೆಯಿದೆ. ಉಬ್ಬುತಗ್ಗುಗಳು ತಲಪದ ಆಳಕ್ಕೆ ಪಾಯವನ್ನು ಒಯ್ಯುವುದು, ಎರೆಯನ್ನು ತೆಗೆದು ಗರಸು ತುಂಬುವುದು, ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ರೂಪಿಸಿದ ಬುಡದಲ್ಲಿ ಗಡ್ಡೆಯಂತೆ ಅಗಲವಾದ ಕಂಬಪಾಯಗಳನ್ನು ಬಳಸುವುದು, ಇವು ರೂಢಿಯಲ್ಲಿರುವ ಪರಿಹಾರಗಳು.

ಈ ಪರೀಕ್ಷೆಗಳಿಗೆ ದೂರ ಹೋಗಬೇಕಾಗಿಲ್ಲ. ಸಿವಿಲ್ ವಿಭಾಗವಿರುವ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಪೆಟ್ಟಿಗೆಯೂ ತ್ರ್ಯಕ್ಷೀಯ ಯಂತ್ರವೂ ಸಾಮಾನ್ಯವಾಗಿ ಇರುತ್ತವೆ. ವರದಿ ಕೈಗೆ ಬಂದಾಗ ಕೊನೆಯ ಪುಟದ ಒಂದು ಅಂಕಿಯನ್ನಷ್ಟೇ ನೋಡಿ ಕಡತ ಮುಚ್ಚುವುದು ಆಡಳಿತ ಮಂಡಳಿಗಳ ಸಾಮಾನ್ಯ ಅಭ್ಯಾಸ. ಮಾದರಿಯನ್ನು ಎಷ್ಟು ಆಳದಿಂದ, ಯಾವ ತಿಂಗಳಿನಲ್ಲಿ ತೆಗೆದರು, ಆ ಆಳವು ಪಾಯದ ಅಗಲಕ್ಕೆ ತಕ್ಕುದೇ, ನೆನೆಸಿ ಪರೀಕ್ಷಿಸಿದರೇ, ನೀರನ್ನು ಬಸಿಯಗೊಟ್ಟರೇ ಎಂಬುದನ್ನು ಎಂಜಿನಿಯರನ್ನು ಕುಳ್ಳಿರಿಸಿಕೊಂಡು ಕೇಳಿದರೆ ಅವರೇನೂ ಬೇಸರಿಸಲಾರರು.

ಆ ವರದಿಯನ್ನು ಜೋಪಾನವಾಗಿ ಕಾದಿರಿಸುವುದಂತೂ ತೀರ ಅಗತ್ಯ. ಶಾಲೆಗಳು ಬೆಳೆಯುತ್ತವೆ, ಒಂದಂತಸ್ತಿಗೆಂದು ಹಾಕಿದ ಪಾಯದ ಮೇಲೆ ಇಪ್ಪತ್ತು ವರ್ಷಗಳ ಬಳಿಕ ಇನ್ನೆರಡು ಅಂತಸ್ತು ಏರಿಸಲು ದಾನಿಗಳು ಮುಂದೆ ಬರುತ್ತಾರೆ. ಕಂಬಗಳ ಉಕ್ಕು ಸಾಕೇ ಎಂದು ಆಗ ಎಲ್ಲರೂ ಕೇಳುವರು. ಕೆಳಗಿನ ಮಣ್ಣು ಮೊದಲು ಎಷ್ಟು ಭಾರಕ್ಕೆ ಒಪ್ಪಿತ್ತೆಂಬುದು ಆ ಹಳೆಯ ಕಡತದಲ್ಲಲ್ಲದೆ ಬೇರೆಲ್ಲಿಯೂ ಬರೆದಿರುವುದಿಲ್ಲ. ಕಡತ ಸಿಗದಿದ್ದರೆ ಕಟ್ಟಡದ ಮಗ್ಗುಲಲ್ಲಿ ಮತ್ತೊಮ್ಮೆ ಕೊಳವೆ ಇಳಿಸಿ, ಹೊಸ ಮಾದರಿ ತೆಗೆದು, ಮೊದಲಿನಿಂದ ಲೆಕ್ಕ ಹಾಕಿಸಿದ ಮೇಲೆಯೇ ಮೇಲಂತಸ್ತಿನ ಕೆಲಸಕ್ಕೆ ಕೈಹಚ್ಚಬೇಕು.